ಮೋಟಾರು ಕೊಳ್ಳುವ ಗೃಹಸ್ಥರಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಮೋಟಾರು ಕಾರು ಮನೆಮನೆಗೆ ಬಂದಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿದ್ದಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮನೆ ಕಟ್ಟುವಾಗ ಮೇಸ್ತ್ರಿಯನ್ನು ದಿನವೂ ಕಂಡು ಕೇಳಬಹುದು. ಮದುವೆಗೆ ಮೊದಲು ನಾಲ್ಕು ಮಂದಿ ನಂಟರನ್ನು ವಿಚಾರಿಸಬಹುದು. ಕಾರಿನ ವಿಷಯದಲ್ಲಾದರೋ, ತಣ್ಣನೆಯ ಕೊಠಡಿಯಲ್ಲಿ ಕುಳಿತು, ಅವರು ಕೊಟ್ಟ ಕಾಫಿಯನ್ನು ಕುಡಿದು, ಎರಡು ತಾಸಿನೊಳಗೆ ಜೀವಮಾನದ ಉಳಿತಾಯಕ್ಕೆ ಸಹಿ ಹಾಕಿ ಎದ್ದು ಬರುತ್ತೇವೆ. ಹಾಗೆ ಸಹಿ ಹಾಕುವ ಅಂಚಿನವರೆಗೆ ಹೋಗಿ ಹಿಂದಿರುಗಿದ ನಮ್ಮ ಅನುಭವವನ್ನು ವಾಚಕರ ಮುಂದಿಡುವುದು ಉಪಯುಕ್ತವೆಂದು ತೋರಿ ಇದನ್ನು ಬರೆಯುತ್ತಿದ್ದೇವೆ.

೨೦೨೫ನೆಯ ಇಸವಿಯ ಮೇ ತಿಂಗಳಿನಲ್ಲಿ ನಾವು ಪ್ರೌಢಶಾಲೆಯ ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದೆವು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದ್ದಕ್ಕೆ ಸರಕಾರವು ಒಂದು ಇಡಿಗಂಟು ಕೊಟ್ಟಿತು. ನಮ್ಮ ವಾಸ ನಂಜನಗೂಡು. ನಮ್ಮ ಮನೆಯವರಿಗೆ ಮೂತ್ರಪಿಂಡದ ತೊಂದರೆಯಿದ್ದು, ವಾರಕ್ಕೆ ಎರಡು ದಿನ ಡಯಾಲಿಸಿಸ್ ಚಿಕಿತ್ಸೆಗಾಗಿ ಮೈಸೂರಿಗೆ ಹೋಗಿಬರಬೇಕು. ಹನ್ನೊಂದು ವರ್ಷದ ನಮ್ಮ ಹಳೆಯ ಕಾರು ಒಂದು ರಾತ್ರಿ ಚಿಕಿತ್ಸೆ ಮುಗಿಸಿ ಬರುವಾಗ ಕಡಕೊಳದ ಬಳಿ ನಿಂತೇ ಹೋಯಿತು. ಆಯಾಸದಿಂದ ಕುಳಿತುಕೊಳ್ಳಲೂ ಆಗದ ಅವರನ್ನು ಒಂದು ಗಂಟೆಯ ಕಾಲ ರಸ್ತೆಯ ಬದಿಯಲ್ಲಿ ಇಟ್ಟುಕೊಂಡಿದ್ದ ಮೇಲೆ, ಹೊಸ ಬಂಡಿಯನ್ನು ಕೊಳ್ಳಲೇಬೇಕೆಂದು ನಿಶ್ಚಯಿಸಿದೆವು. ಆದರೆ ಆ ಇಡಿಗಂಟಿನಿಂದಲೇ ಅವರ ಮುಂದಿನ ವರ್ಷಗಳ ಔಷಧೋಪಚಾರವೂ ನಡೆಯಬೇಕಾದುದರಿಂದ, ಕಾರಿಗೆ ಹೆಚ್ಚಾಗಿ ಹೋದ ಪ್ರತಿಯೊಂದು ರೂಪಾಯಿಯೂ ಚಿಕಿತ್ಸೆಯಿಂದ ಕಿತ್ತುಕೊಂಡದ್ದೇ ಸರಿ.

ಅದೇ ಸೆಪ್ಟೆಂಬರ್ ೨೨ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಇಳಿದಿತ್ತು. ನಾಲ್ಕು ಮೀಟರಿನೊಳಗಿನ ಉದ್ದವೂ ೧೨೦೦ ಸಿಸಿಗೆ ಮೀರದ ಯಂತ್ರವೂ ಉಳ್ಳ ಪೆಟ್ರೋಲು ಕಾರುಗಳಿಗೆ ಮೊದಲು ಉಪಕರವೂ ಸೇರಿ ನೂರಕ್ಕೆ ೨೯ ಇದ್ದುದು ೧೮ ಆಯಿತು. ಅಂದೇ ನವರಾತ್ರಿಯ ಪ್ರಾರಂಭ. ಮೈಸೂರಿನ ಮಳಿಗೆಗಳಲ್ಲಿ ಜನಸಂದಣಿ ಹೇಳತೀರದು. ನಾವು ಒಂದು ಮಳಿಗೆಯನ್ನು ಹೊಕ್ಕೊಡನೆಯೇ ಕಂಠಕೌಪೀನ ಧರಿಸಿದ ಯುವಕನೊಬ್ಬನು ಓಡಿ ಬಂದು ಕಾಲು ಮುಟ್ಟಿ ನಮಸ್ಕರಿಸಿದನು. “ಮೇಷ್ಟ್ರೇ, ಗುರುತು ಸಿಕ್ಕಲಿಲ್ಲವೇ? ಹತ್ತನೆಯ ತರಗತಿಯಲ್ಲಿ ನಿಮ್ಮ ಕೈಲಿ ಕಿವಿ ಹಿಂಡಿಸಿಕೊಂಡವನು. ಫೋನು ಮಾಡಿದ್ದರೆ ನಾನೇ ಮನೆಗೆ ಬರುತ್ತಿದ್ದೆನಲ್ಲ!” ಎಂದನು. ಶಿಷ್ಯನೇ ಮಾರುವವನಾದ ಮೇಲೆ ಇನ್ನೇನು ಭಯವೆಂದು ನಮ್ಮ ಎದೆ ಹಗುರವಾಯಿತು. ಎದೆ ಹಗುರವಾದಲ್ಲಿ ಜೇಬೂ ಹಗುರವಾಗುವುದೆಂಬುದು ಆಗ ಹೊಳೆಯಲಿಲ್ಲ.

ಬಿಳಿಯ ಕಾರೊಂದು ಸಿದ್ಧವಾಗಿದೆ, ಬೇರೆಯವರು ಮೂರು ತಿಂಗಳು ಕಾಯಬೇಕು, ತಾವಾದುದರಿಂದ ಆಯುಧಪೂಜೆಯ ಹೊತ್ತಿಗೆ ಮನೆಯ ಮುಂದೆ ನಿಲ್ಲಿಸುತ್ತೇನೆ, ೨೫,೦೦೦ ರೂಪಾಯಿ ರಿಯಾಯಿತಿಯನ್ನೂ ಕೊಡಿಸುತ್ತೇನೆ ಎಂದು ಹೇಳಿ, ತನ್ನ ಹೆಸರಿನ ಚೀಟಿಯ ಹಿಂಬದಿಯಲ್ಲಿ ೯,೪೧,೦೦೦ ಎಂದು ಒಂದೇ ಒಂದು ಅಂಕಿಯನ್ನು ಬರೆದುಕೊಟ್ಟನು. ನಾವು ಮುಂಗಡದ ಚೆಕ್ಕು ಬರೆಯಲು ಲೇಖನಿ ತೆಗೆದಿದ್ದೆವು. ಆಗ ನಮ್ಮ ಮನೆಯವರು ಮೆಲ್ಲಗೆ, “ತಿಂಗಳ ದಿನಸಿಯ ಚೀಟಿಯಲ್ಲಿ ಕೂಡ ಬೇಳೆಗೆ ಇಷ್ಟು, ಬೆಲ್ಲಕ್ಕೆ ಇಷ್ಟು ಎಂದು ಬರೆಯುತ್ತಾರೆ. ಒಂಬತ್ತು ಲಕ್ಷಕ್ಕೆ ಒಂದೇ ಗೆರೆಯೇ?” ಎಂದರು. ಲೇಖನಿ ಜೇಬಿಗೆ ಹಿಂದಿರುಗಿತು. ವಿವರವಾದ ಪಟ್ಟಿಯನ್ನು ಮಳಿಗೆಯ ಮುದ್ರೆಯೊಡನೆ ಕೊಡಬೇಕೆಂದು ಕೇಳಿ ಮನೆಗೆ ಬಂದೆವು.

ಎರಡು ದಿನದ ಮೇಲೆ ಬಂದ ಪಟ್ಟಿಯಲ್ಲಿ ಮಳಿಗೆಯ ಬೆಲೆ ೭,೪೦,೦೦೦, ತೆರಿಗೆ ಮತ್ತು ನೋಂದಣಿ ೧,೧೯,೦೦೦, ವಿಮೆ ೪೬,೮೦೦, ನಿರ್ವಹಣಾ ವೆಚ್ಚ ೯,೫೦೦, ‘ಅಗತ್ಯ ಸಾಮಗ್ರಿ’ ೧೮,೭೦೦, ಬಣ್ಣದ ಮೇಲಿನ ಲೇಪ ೧೪,೦೦೦, ಹೆಚ್ಚುವರಿ ವಾರಂಟಿ ೧೭,೪೦೦, ಫಾಸ್ಟ್ಯಾಗ್ ೬೦೦ ಎಂದಿತ್ತು. ಒಟ್ಟು ೯,೬೬,೦೦೦ದಲ್ಲಿ ಆ ೨೫,೦೦೦ ಕಳೆದಿತ್ತು. ಇವುಗಳಲ್ಲಿ ಯಾವುದು ಸರಕಾರಕ್ಕೆ ಸಲ್ಲುವ ಹಣ, ಯಾವುದು ಕಾರಿನ ಹಣ, ಯಾವುದು ವರ್ತಕನ ಹಣ ಎಂದು ವಿಂಗಡಿಸುವುದೇ ಕೊಳ್ಳುವವನ ಮೊದಲನೆಯ ಪಾಠ. ಸಮಾಸವನ್ನು ಬಿಡಿಸಿ ವಿಗ್ರಹವಾಕ್ಯ ಹೇಳದೆ ಅರ್ಥ ತಿಳಿಯದೆಂದು ಮಕ್ಕಳಿಗೆ ಬೋಧಿಸಿದ ನಾವು ಇದೊಂದು ಸಮಾಸವನ್ನು ಬಿಡಿಸದೆಯೇ ನುಂಗಲಿದ್ದೆವು.

ತೆರಿಗೆಯ ಮಾತು ಮೊದಲು. ನಮ್ಮ ರಾಜ್ಯದಲ್ಲಿ ಖಾಸಗಿ ಕಾರಿಗೆ ಆಯುಷ್ಯ ತೆರಿಗೆಯನ್ನು ಬೆಲೆಯ ಮೇಲೆ ಕಟ್ಟಬೇಕು. ನಾವು ಕೊಂಡಾಗ ಐದು ಲಕ್ಷದವರೆಗೆ ನೂರಕ್ಕೆ ೧೩, ಹತ್ತು ಲಕ್ಷದವರೆಗೆ ೧೪, ಇಪ್ಪತ್ತು ಲಕ್ಷದವರೆಗೆ ೧೭, ಅದಕ್ಕೆ ಮೀರಿದರೆ ೧೮. ತೆರಿಗೆಯ ಮೇಲೆ ಉಪಕರವೂ ಉಂಟು. ಈ ಹಣಕ್ಕೆ ಸರಕಾರದ ರಸೀದಿ ಬರುತ್ತದೆ. ಪಟ್ಟಿಯಲ್ಲಿರುವ ಮೊತ್ತಕ್ಕೂ ರಸೀದಿಯ ಮೊತ್ತಕ್ಕೂ ಅಂತರವಿದ್ದರೆ ಅದನ್ನು ಕೇಳಿ ಹಿಂದಕ್ಕೆ ಪಡೆಯತಕ್ಕದ್ದು. ಕೇಳದಿದ್ದವರಿಗೆ ಯಾರೂ ಕರೆದು ಕೊಡುವುದಿಲ್ಲ. ಹತ್ತು ಲಕ್ಷಕ್ಕೆ ಮೀರಿದ ಬೆಲೆಯ ಕಾರಾದರೆ ನೂರಕ್ಕೆ ಒಂದರಂತೆ ಆದಾಯ ತೆರಿಗೆಯನ್ನು ಮಳಿಗೆಯವರೇ ವಸೂಲು ಮಾಡಿ ಕಟ್ಟುತ್ತಾರೆ. ಇದು ಕೊಂಡವರ ಲೆಕ್ಕಕ್ಕೇ ಜಮೆಯಾಗುವ ಹಣ. ವರ್ಷದ ಲೆಕ್ಕಪತ್ರ ಸಲ್ಲಿಸುವಾಗ ಅದನ್ನು ತೋರಿಸಿದರೆ ತೆರಿಗೆಯಲ್ಲಿ ಕಳೆಯುತ್ತದೆ, ಹೆಚ್ಚಾದುದು ಹಿಂದಕ್ಕೆ ಬರುತ್ತದೆ. ನಮ್ಮ ಬಂಧುಗಳೊಬ್ಬರು ಹದಿಮೂರು ಸಾವಿರವನ್ನು ಮಳಿಗೆಯ ಕಾಣಿಕೆಯೆಂದೇ ತಿಳಿದು ಮರೆತುಬಿಟ್ಟಿದ್ದರು. ತೆರಿಗೆ ಉಳಿಸಲು ಪುದುಚೇರಿಯಲ್ಲಿ ನೋಂದಾಯಿಸಿಕೊಡುತ್ತೇವೆಂದು ಹೇಳುವ ಮಧ್ಯವರ್ತಿಗಳೂ ಉಂಟು. ಹೊರ ರಾಜ್ಯದ ಬಂಡಿಯನ್ನು ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಆಗಲೇಬೇಕೆಂದು ೧೯೮೮ರ ಮೋಟಾರು ವಾಹನಗಳ ಕಾಯಿದೆಯೇ ಹೇಳುವುದರಿಂದ, ಅಂಥ ಮಾತಿಗೆ ಕಿವಿಗೊಡದಿರುವುದು ಲೇಸು.

ನಿರ್ವಹಣಾ ವೆಚ್ಚವೆಂಬುದು ಕಾರನ್ನು ಗೋದಾಮಿನಿಂದ ಮಳಿಗೆಗೆ ತಂದು ತೊಳೆದು ನಿಲ್ಲಿಸಿದ ಕೂಲಿಯಂತೆ. ಅಕ್ಕಿಯನ್ನು ಕೊಳ್ಳಲು ಹೋದವನಿಂದ ಮೂಟೆಯನ್ನು ಅಂಗಡಿಯೊಳಕ್ಕೆ ಹೊತ್ತ ಹಮಾಲಿಯ ಕೂಲಿಯನ್ನು ಬೇರೆ ಕೇಳಿದಂತಾಯಿತು. ಇದು ಸರಕಾರಕ್ಕೆ ಸೇರುವ ಹಣವಲ್ಲ. ಯಾವ ನಿಯಮದಂತೆ ಇದನ್ನು ಕೇಳುತ್ತೀರೆಂದು ಬರೆದುಕೊಡಿ ಎಂದು ಕೇಳಿದೆವು. ಆ ಸಾಲು ಪಟ್ಟಿಯಿಂದ ಮಾಯವಾಯಿತು. ‘ಅಗತ್ಯ ಸಾಮಗ್ರಿ’ ಎಂದರೆ ಕಾಲೊರಸು, ಆಸನದ ಹೊದಿಕೆ, ಬಾಗಿಲ ಅಂಚಿನ ಪಟ್ಟಿ, ಸುಗಂಧದ ಸೀಸೆ. ಅಗತ್ಯವೆಂಬ ಶಬ್ದಕ್ಕೆ ಇಂಥ ಅರ್ಥವನ್ನು ನಾವು ಯಾವ ಕೋಶದಲ್ಲಿಯೂ ಕಂಡಿಲ್ಲ. ಬೇಕಾದುದನ್ನು ಪೇಟೆಯಲ್ಲಿ ನಿಧಾನವಾಗಿ ಕೊಳ್ಳಬಹುದು. ಹೆಚ್ಚುವರಿ ವಾರಂಟಿ ಕೆಟ್ಟ ಪದಾರ್ಥವಲ್ಲ. ಆದರೆ ಕಂಪನಿಯ ಮೂಲ ವಾರಂಟಿ ಮುಗಿಯುವುದರೊಳಗೆ ಅದನ್ನು ಕೊಳ್ಳಲು ಅನೇಕ ತಯಾರಕರು ಅವಕಾಶ ಕೊಡುತ್ತಾರಾದುದರಿಂದ ಮೊದಲ ದಿನವೇ ಅವಸರವಿಲ್ಲ. ಸಂಖ್ಯಾಫಲಕಕ್ಕೆಂದು ಹಣ ಕೇಳಿದರೆ, ೨೦೧೯ರ ಏಪ್ರಿಲ್ ೧ರಿಂದ ತಯಾರಾದ ಬಂಡಿಗಳಿಗೆ ಅತಿಸುರಕ್ಷಿತ ಫಲಕವನ್ನು ತಯಾರಕರೇ ಒದಗಿಸಬೇಕೆಂಬ ನಿಯಮವನ್ನು ನೆನಪಿಸಿದರೆ ಸಾಕು.

ವಿಮೆಯ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಹಣ ಅಡಗಿರುತ್ತದೆ. “ವಿಮೆ ಇಲ್ಲಿಯದೇ ಆಗಬೇಕು ಮೇಷ್ಟ್ರೇ, ಇಲ್ಲದಿದ್ದರೆ ರಿಯಾಯಿತಿ ಸಿಕ್ಕುವುದಿಲ್ಲ” ಎಂದು ಶಿಷ್ಯನು ಹೇಳಿದನು. ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯೊಂದು ೨೦೧೭ರ ನವೆಂಬರ್ ೧ರಿಂದಲೇ ಜಾರಿಗೆ ಬಂದಿದೆ; ಅದರಂತೆ ಇಂಥ ಕಡೆಯೇ ವಿಮೆ ಮಾಡಿಸಬೇಕೆಂದು ಗ್ರಾಹಕನನ್ನು ಬಲವಂತ ಪಡಿಸುವ ಅಧಿಕಾರ ಮಳಿಗೆಗೆ ಇಲ್ಲ. ವಿಮೆಯಲ್ಲಿ ಎರಡು ಭಾಗ. ನಮ್ಮ ಬಂಡಿಯಿಂದ ಪರರಿಗೆ ಆಗುವ ಹಾನಿಯದೊಂದು, ನಮ್ಮ ಬಂಡಿಗೇ ಆಗುವ ಹಾನಿಯದೊಂದು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೧೮ರ ಸೆಪ್ಟೆಂಬರ್ ೧ರಿಂದ ಹೊಸ ಕಾರಿಗೆ ಮೊದಲನೆಯದನ್ನು ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕು. ಅದರ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ೧೦೦೦ ಸಿಸಿಯವರೆಗಿನ ಕಾರಿಗೆ ೬,೫೨೧ ರೂಪಾಯಿ, ೧೫೦೦ ಸಿಸಿಯವರೆಗೆ ೧೦,೬೪೦, ಅದಕ್ಕೆ ಮೀರಿದವಕ್ಕೆ ೨೪,೫೯೬, ತೆರಿಗೆ ಬೇರೆ. ಚೌಕಾಶಿಗೆ ಎಡೆಯಿರುವುದು ಎರಡನೆಯ ಭಾಗದಲ್ಲಿ. ಹೊರಗೆ ವಿಚಾರಿಸಿದಾಗ ಅದೇ ರಕ್ಷಣೆಗೆ ನಮಗೆ ಸಿಕ್ಕಿದ ದರ ೩೧,೫೦೦. ಹೊರಗಿನವರೆಲ್ಲ ಹರಿಶ್ಚಂದ್ರರೆಂದಲ್ಲ. ಕಾರಿಗೆ ಕಟ್ಟಿದ ವಿಮಾಮೌಲ್ಯವನ್ನು ತಗ್ಗಿಸಿ ಕಂತನ್ನು ಅಗ್ಗವೆಂದು ತೋರಿಸುವವರೂ ಉಂಟು. ಹೊಸ ಕಾರಿಗೆ ಆ ಮೌಲ್ಯ ಬೆಲೆಯ ನೂರಕ್ಕೆ ೯೫ರಷ್ಟು ಇದೆಯೇ ಎಂದು ನೋಡಿಕೊಂಡ ಮೇಲೆಯೇ ದರಗಳನ್ನು ಹೋಲಿಸತಕ್ಕದ್ದು.

ಇನ್ನೊಂದು ಸಂಗತಿಯನ್ನು ಮಳಿಗೆಯಲ್ಲಿ ಯಾರೂ ಹೇಳಲೇ ಇಲ್ಲ. ಹಳೆಯ ಕಾರಿನ ವಿಮೆಯಿಂದ ಐದು ವರ್ಷ ಸತತವಾಗಿ ಪರಿಹಾರ ಕೇಳದಿದ್ದವರಿಗೆ ಕಂತಿನ ಎರಡನೆಯ ಭಾಗದಲ್ಲಿ ಅರ್ಧ ರಿಯಾಯಿತಿ ಇರುತ್ತದೆ. ಆ ರಿಯಾಯಿತಿ ಕಾರಿನದಲ್ಲ, ಒಡೆಯನದು. ಹಳೆಯ ಕಾರನ್ನು ಮಾರಿದಾಗ ವಿಮಾ ಕಂಪನಿಯಿಂದ ಪತ್ರ ಪಡೆದು ಅದನ್ನು ಹೊಸ ಕಾರಿಗೆ ತರಬಹುದು. ಹಾಗೆ ತಂದ ಮೇಲೆ ನಾವು ಕಟ್ಟಿದ್ದು ೨೫,೪೦೦ ಮಾತ್ರ.

ಸಾಲದ ವಿಷಯಕ್ಕೆ ಬರೋಣ. ಐದು ಲಕ್ಷವನ್ನು ಸಾಲವಾಗಿ ಪಡೆಯುವುದೆಂದು ನಾವು ಯೋಚಿಸಿದ್ದೆವು. ಬ್ಯಾಂಕಿನವರು ನೂರಕ್ಕೆ ೯ ಎಂದರು. ಮಳಿಗೆಯ ಮೂಲೆಯಲ್ಲಿ ಮೇಜು ಹಾಕಿ ಕುಳಿತಿದ್ದ ಮಹನೀಯರು ನೂರಕ್ಕೆ ೭ ಸಾಕೆಂದರು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಮೂಲಧನ ಮತ್ತು ಬಡ್ಡಿಯ ಲೆಕ್ಕಗಳುಂಟು. ನಾವು ಅದರ ಶ್ಲೋಕಗಳ ಛಂದಸ್ಸನ್ನು ಮೆಚ್ಚಿದೆವೇ ಹೊರತು ಲೆಕ್ಕ ಮಾಡಿದವರಲ್ಲ. ಆದುದರಿಂದ ನಮ್ಮ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಸ್ನೇಹಿತರ ಬಳಿಗೆ ಹೋದೆವು. ಅವರು ನಕ್ಕರು. ಮಳಿಗೆಯ ಏಳು ಇಡೀ ಸಾಲದ ಮೇಲೆ ಐದು ವರ್ಷವೂ ಬೀಳುವ ಬಡ್ಡಿ. ತೀರಿಸಿದ ಹಣಕ್ಕೂ ಬಡ್ಡಿ ಕೊಡುತ್ತಲೇ ಇರಬೇಕು. ಐದು ಲಕ್ಷಕ್ಕೆ ವರ್ಷಕ್ಕೆ ೩೫,೦೦೦ದಂತೆ ಐದು ವರ್ಷಕ್ಕೆ ೧,೭೫,೦೦೦. ತಿಂಗಳ ಕಂತು ೧೧,೨೫೦. ಬ್ಯಾಂಕಿನ ಒಂಬತ್ತಾದರೋ ಉಳಿದ ಬಾಕಿಯ ಮೇಲೆ ಮಾತ್ರ. ಕಂತು ಸುಮಾರು ೧೦,೩೮೦, ಒಟ್ಟು ಬಡ್ಡಿ ೧,೨೩,೦೦೦ದ ಒಳಗೆ. ಆ ಏಳನ್ನು ಬ್ಯಾಂಕಿನ ರೀತಿಯಲ್ಲಿ ಎಣಿಸಿದರೆ ಹನ್ನೆರಡೂವರೆ ಆಗುವುದು! ಏಳು ಒಂಬತ್ತಕ್ಕಿಂತ ದೊಡ್ಡದೆಂಬುದನ್ನು ಅರುವತ್ತನೆಯ ವಯಸ್ಸಿನಲ್ಲಿ ಕಲಿತೆವು. ೨೦೨೪ರ ಅಕ್ಟೋಬರ್ ೧ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಎಲ್ಲ ವೆಚ್ಚಗಳೂ ಸೇರಿದ ವಾರ್ಷಿಕ ದರವನ್ನು ಕಾಣಿಸುವ ಮುಖ್ಯಾಂಶಗಳ ಪತ್ರವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅದನ್ನು ಕೇಳಿ ಪಡೆದು, ಅವಧಿಗೆ ಮೊದಲೇ ತೀರಿಸಿದರೆ ದಂಡವುಂಟೇ ಎಂಬುದನ್ನೂ ಓದಿ, ಆಮೇಲೆ ಸಹಿ ಹಾಕಬೇಕು.

ಇಷ್ಟೆಲ್ಲ ಆದ ಮೇಲೂ ಆ ಬಿಳಿಯ ಕಾರೇ ಏಕೆ ಸಿದ್ಧವಾಗಿದೆಯೆಂಬ ಪ್ರಶ್ನೆ ಉಳಿದಿತ್ತು. ಜನ ಮುಗಿಬಿದ್ದಿರುವ ಕಾಲದಲ್ಲಿ ಮಾರಾಟವಾಗದೆ ನಿಂತ ಬಂಡಿ ಏಕೆ ನಿಂತಿತು? ಕಾರಿನ ಚಾಸಿಯ ಮೇಲೆ ಹದಿನೇಳು ಅಕ್ಷರ ಹಾಗೂ ಅಂಕಿಗಳ ಗುರುತು ಇರುತ್ತದೆ. ತಯಾರಾದ ವರ್ಷ ತಿಂಗಳು ಅದರಲ್ಲಿಯೇ ಅಡಗಿದ್ದರೂ ಸಂಕೇತವು ಒಬ್ಬೊಬ್ಬ ತಯಾರಕರದು ಒಂದೊಂದು ಬಗೆ; ಊಹಿಸಲು ಹೋಗಬಾರದು. ಮಾರಾಟದ ಪ್ರಮಾಣಪತ್ರವಾದ ನಮೂನೆ ೨೧ರಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಬರೆಯಲೇಬೇಕು. ಆ ತಿಂಗಳನ್ನು ಮುಂಗಡ ಕೊಡುವ ಮೊದಲೇ ಬರೆದು ಕೊಡಬೇಕೆಂದು ನಾವು ಪಟ್ಟುಹಿಡಿದೆವು. ಶಿಷ್ಯನ ಮುಖ ಬಾಡಿತು. ಹೊರಗೆ ಕರೆದುಕೊಂಡು ಹೋಗಿ, ಹೊಂಗೆಯ ಮರದ ಕೆಳಗೆ ನಿಂತು, “ಹೋದ ಡಿಸೆಂಬರಿನ ಗಾಡಿ ಮೇಷ್ಟ್ರೇ. ಒಂಬತ್ತು ತಿಂಗಳಿಂದ ಬಿಸಿಲಿನಲ್ಲಿ ನಿಂತಿದೆ. ಇದನ್ನು ದಾಟಿಸಿದರೆ ನನಗೆ ಈ ತಿಂಗಳ ಗುರಿ ಮುಟ್ಟುತ್ತದೆ. ಮುಟ್ಟದಿದ್ದರೆ ಸಂಬಳದಲ್ಲಿ ಹಿಡಿಯುತ್ತಾರೆ” ಎಂದನು. ಅವನ ಕಣ್ಣಲ್ಲಿ ನೀರಿದ್ದಿತು. ೨೫,೦೦೦ದ ರಿಯಾಯಿತಿಯು ಗುರುದಕ್ಷಿಣೆಯಲ್ಲವೆಂದು ತಿಳಿಯಿತು. ನಮಗೆ ಕೋಪ ಬಂದುದೂ ನಿಜ, ಅದು ಬಹಳ ಹೊತ್ತು ನಿಲ್ಲದಿದ್ದುದೂ ನಿಜ.

ಹಳೆಯ ದಾಸ್ತಾನನ್ನು ಕೊಳ್ಳಲೇಬಾರದೆಂದಲ್ಲ. ತಿಳಿದು, ತಕ್ಕಷ್ಟು ಬೆಲೆ ಇಳಿಸಿ ಕೊಳ್ಳಬಹುದು. ತಿಳಿಸದೆ ಮಾರುವುದು ಮೋಸ. ಗೋವೆಯ ಗ್ರಾಹಕರೊಬ್ಬರಿಗೆ ೨೦೧೧ರ ಕಾರೆಂದು ಹಣ ಪಡೆದು ೨೦೦೯ರಲ್ಲಿ ತಯಾರಾಗಿ ೬೨೨ ಕಿಲೋಮೀಟರ್ ಓಡಿದ್ದ ಕಾರನ್ನು ಕೊಟ್ಟ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೨೦೨೧ರ ಫೆಬ್ರವರಿಯಲ್ಲಿ ನ್ಯಾಯಾಲಯವು, ಮಳಿಗೆಯವರ ಕೃತ್ಯ ತಯಾರಕರಿಗೆ ಗೊತ್ತಿತ್ತೆಂದು ತೋರದ ಹೊರತು ತಯಾರಕರನ್ನು ಹೊಣೆ ಮಾಡಲಾಗದೆಂದು ತೀರ್ಪಿತ್ತಿತು. ಕಂಪನಿಯ ಹೆಸರು ದೊಡ್ಡದೆಂಬ ನಂಬಿಕೆಯಿಂದ ಮಳಿಗೆಯನ್ನು ನಂಬುವವರು ಇದನ್ನು ಮನಸ್ಸಿನಲ್ಲಿಡಬೇಕು.

ಕಾರನ್ನು ನೋಡಿ ಒಪ್ಪುವ ಕೆಲಸ ನೋಂದಣಿಗೆ ಮೊದಲೇ ಆಗಬೇಕು. ನಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಹಿಂದಿರುಗಿಸುವುದು ಬಲು ಕಷ್ಟ. ಸಂಜೆಯ ದೀಪದಲ್ಲಿ ನೋಡದೆ ಹಗಲು ಬೆಳಕಿನಲ್ಲಿ ನೋಡತಕ್ಕದ್ದು. ಬಣ್ಣವು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಬೇರೆಯಾಗಿ ಕಂಡರೆ ಎಲ್ಲಿಯೋ ತಾಗಿ ಬಳಿದದ್ದೆಂದು ಶಂಕಿಸಬಹುದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ, ೩೨೨೫ ಎಂದರೆ ೨೦೨೫ರ ಮೂವತ್ತೆರಡನೆಯ ವಾರ. ಐದಾಗಿರುವ ಟಯರುಗಳಲ್ಲಿ ಒಂದರ ತಾರೀಖು ಬಹಳ ಬೇರೆಯಾಗಿದ್ದರೆ ಕಾರಣ ಕೇಳಬೇಕು. ಓಡಿದ ಕಿಲೋಮೀಟರನ್ನೂ ಕಾಗದದ ಮೇಲಿನ ಚಾಸಿ ಸಂಖ್ಯೆಯನ್ನೂ ಬಂಡಿಯೊಡನೆ ತಾಳೆ ನೋಡಬೇಕು.

ಹಣ ಕೊಡುವ ಬಗೆಯಲ್ಲಿ ಎಚ್ಚರ ತಪ್ಪಿದ ನಮ್ಮ ಸಹೋದ್ಯೋಗಿಗಳೊಬ್ಬರು ಮುಂಗಡದ ೫೦,೦೦೦ ರೂಪಾಯಿಗಳನ್ನು ಮಾರುವವನ ಸ್ವಂತ ಫೋನಿಗೆ ಕಳುಹಿಸಿದರು. ಮುಂದಿನ ವಾರ ಅವನು ಕೆಲಸದಲ್ಲಿಯೂ ಇರಲಿಲ್ಲ, ಊರಿನಲ್ಲಿಯೂ ಇರಲಿಲ್ಲ. ಮಳಿಗೆಯ ಹೆಸರಿನ ಬ್ಯಾಂಕು ಖಾತೆಗೇ ಹಣ ಸೇರಬೇಕು. ಅಂದೇ ರಸೀದಿ ಬರಬೇಕು. ಕಾರು ಬೇಡವಾದರೆ ಮುಂಗಡ ಹಿಂದಕ್ಕೆ ಬರುವುದೇ ಎಂಬುದು ಆ ರಸೀದಿಯಲ್ಲಿಯೇ ಬರೆದಿರಬೇಕು. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಸ್ವೀಕರಿಸುವುದು ೨೦೧೭ರ ಏಪ್ರಿಲಿನಿಂದ ನಿಷಿದ್ಧವಾಗಿರುವುದರಿಂದ, ನಗದು ಕೊಟ್ಟರೆ ಅಗ್ಗವೆಂದವನನ್ನು ಕಂಡು ಓಡಿಹೋಗುವುದೇ ಜಾಣತನ.

ಹಳೆಯ ಕಾರನ್ನು ಮಳಿಗೆಯವರು ೭೦,೦೦೦ಕ್ಕೆ ಕೇಳಿದ್ದರು. ಊರಿನ ಗಿರಣಿಯವರೊಬ್ಬರು ೧,೦೫,೦೦೦ಕ್ಕೆ ಕೊಂಡರು. ಮಾರಿದವರು ನಮೂನೆ ೨೯ ಮತ್ತು ೩೦ನ್ನು ತುಂಬಿ, ಹದಿನಾಲ್ಕು ದಿನಗಳೊಳಗೆ ಸಾರಿಗೆ ಕಛೇರಿಗೆ ವರದಿ ಮಾಡಿ, ಹೆಸರು ಬದಲಾಗುವವರೆಗೆ ಬೆನ್ನು ಬಿಡಬಾರದು. ಅಷ್ಟರಲ್ಲಿ ಅಪಘಾತವಾದರೆ ಹೊಣೆ ದಾಖಲೆಯಲ್ಲಿರುವ ಒಡೆಯನದೇ. ಹಳೆಯ ಕಾರನ್ನು ಕೊಳ್ಳುವವರಿಗೂ ಒಂದು ಮಾತು: ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದಾಗ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದುವು. ಅಂಥ ಬಂಡಿಯನ್ನು ತೊಳೆದು ಒಣಗಿಸಿದರೆ ಮೇಲೆ ಏನೂ ಕಾಣದು. ನೆಲಹಾಸನ್ನು ಎತ್ತಿ ಕೆಸರಿನ ಕಲೆಯನ್ನೂ, ಆಸನದ ಕಂಬಿಗಳ ತುಕ್ಕನ್ನೂ ನೋಡಿ, ಆಸನದ ಪಟ್ಟಿಯನ್ನು ಪೂರ್ತಿ ಎಳೆದು ಮೂಸಿ ನೋಡಬೇಕು.

ಕೌಟಿಲ್ಯನು ಅರ್ಥಶಾಸ್ತ್ರದ ಕಂಟಕಶೋಧನವೆಂಬ ಅಧಿಕರಣದಲ್ಲಿ ವರ್ತಕರಿಂದ ಪ್ರಜೆಗಳನ್ನು ಕಾಪಾಡುವ ವಿಷಯಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ಹತ್ತು ಎಂದು ಲಾಭವನ್ನೂ ಕಟ್ಟಿದ್ದಾನೆ. ನಮ್ಮ ಕಾಲಕ್ಕೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಮೋಸಹೋದವರು ೧೯೧೫ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ತಮ್ಮ ಊರು ಸೇರಿದ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದಾವೆ ಹೂಡಬಹುದು. ಕೊಟ್ಟ ಬೆಲೆ ಐವತ್ತು ಲಕ್ಷದವರೆಗೆ ಇರುವ ಮೊಕದ್ದಮೆಗಳು ಅಲ್ಲಿಯೇ ನಡೆಯುತ್ತವೆ. ಶುಲ್ಕವು ಐದರಿಂದ ಹತ್ತು ಲಕ್ಷದವರೆಗಿನ ಬೆಲೆಗೆ ೨೦೦ ರೂಪಾಯಿ. ಆದರೆ ಅಲ್ಲಿ ಬಾಯಿಮಾತು ನಿಲ್ಲದು. ಚೀಟಿಯ ಹಿಂಬದಿಯ ಅಂಕಿಯೂ ನಿಲ್ಲದು.

ಆಯುಧಪೂಜೆಗೆ ನಮ್ಮ ಮನೆಯ ಮುಂದೆ ಹೊಸ ಕಾರು ಬರಲಿಲ್ಲ. ಬಾಡಿಗೆಯ ಬಂಡಿಯಲ್ಲಿಯೇ ಇನ್ನೂ ಐದು ವಾರ ಆಸ್ಪತ್ರೆಗೆ ಓಡಾಡಿದೆವು. ಒಂದೆರಡು ದಿನ ಅವರ ಬಳಲಿಕೆಯನ್ನು ಕಂಡು, ಆ ಬಿಳಿಯ ಕಾರನ್ನೇ ಕೊಂಡುಬಿಡಬಹುದಿತ್ತೆಂದು ನಮಗೆ ಅನಿಸಿದ್ದೂ ಉಂಟು. “ಕಾಯೋಣ, ನನಗೇನಾಗಿದೆ” ಎಂದರು ಅವರು. ಕಾರ್ತಿಕದಲ್ಲಿ, ಸೆಪ್ಟೆಂಬರಿನಲ್ಲಿ ತಯಾರಾದ ಬೂದು ಬಣ್ಣದ ಕಾರನ್ನು ಅದೇ ಮಳಿಗೆಯಿಂದ, ಅದೇ ಶಿಷ್ಯನ ಕೈಯಿಂದಲೇ ಪಡೆದೆವು. ೧೦,೦೦೦ ರಿಯಾಯಿತಿ ಕಳೆದು, ತೆರಿಗೆಯ ರಸೀದಿಯಂತೆ ೧,೧೮,೩೦೦ನ್ನೂ ವಿಮೆಯನ್ನೂ ಫಾಸ್ಟ್ಯಾಗನ್ನೂ ಸೇರಿಸಿ ಒಟ್ಟು ಆದದ್ದು ೮,೭೪,೩೦೦. ಚೀಟಿಯ ಹಿಂಬದಿಯ ಅಂಕಿಗೂ ಇದಕ್ಕೂ ಇರುವ ೬೬,೭೦೦ರ ಅಂತರವನ್ನು ಅವರ ಹೆಸರಿನಲ್ಲಿ ಠೇವಣಿ ಇಟ್ಟಿದ್ದೇವೆ.

ಮೊನ್ನೆ ಭಾನುವಾರ ಶಿಷ್ಯನು ಮೈಸೂರುಪಾಕಿನ ಪೊಟ್ಟಣದೊಡನೆ ಮನೆಗೆ ಬಂದಿದ್ದನು. ಕಾಫಿ ಕುಡಿದು, ಬಹಳ ಹೊತ್ತು ಆ ಮಾತು ಈ ಮಾತು ಆಡಿ, ಎದ್ದು ಹೊರಟವನು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡನು. “ಮೇಷ್ಟ್ರೇ, ನೀವು ಅಂದು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿದ್ದಿರಲ್ಲ, ಅದರ ಪ್ರತಿ ಒಂದಿದ್ದರೆ ಕೊಡಿ. ನನ್ನ ಸೋದರಮಾವ ಕಾರು ತೆಗೆದುಕೊಳ್ಳುತ್ತಿದ್ದಾರೆ. ಬೇರೆ ಕಂಪನಿಯದು, ಬೇರೆ ಮಳಿಗೆ” ಎಂದನು.